ಗೋಡೆ ನೋಡಲು ಹೋದ ನಾಲ್ಕು ದಿನ

ಅಮೆರಿಕಕ್ಕೆ ಮಗಳ ಮನೆಗೆ ಹೋಗಿ ಬಂದವರನ್ನು ಊರಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ನಯಾಗರ ನೋಡಿದಿರಾ ಅಂತ. ನಾವು ನೋಡಿಲ್ಲ. ನಾವು ಗೋಡೆ ನೋಡಿದೆವು. ಹಾಗಂದರೆ ಜನ ನಗುತ್ತಾರೆ. ನಗಲಿ ಬಿಡಿ.

ನಾನು ಡ್ರಾಯಿಂಗ್ ಮೇಷ್ಟ್ರು. ದಾವಣಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ 31 ವರ್ಷ ಪಾಠ ಮಾಡಿ ರಿಟೈರ್ ಆದವನು. ಡ್ರಾಯಿಂಗ್ ಪೀರಿಯಡ್ ಅಂದರೆ ಏನು ಅಂತ ಶಾಲೆಗೆ ಹೋದವರಿಗೆಲ್ಲ ಗೊತ್ತು. ಗಣಿತದ ಮೇಷ್ಟ್ರಿಗೆ ಪೋರ್ಷನ್ ಮುಗಿಸಲು ಸಿಗುವ ಪೀರಿಯಡ್ ಅದು. ಪರೀಕ್ಷೆ ಹತ್ತಿರ ಬಂತೆಂದರೆ ನಾನು ಸ್ಟಾಫ್ ರೂಮಿನಲ್ಲಿ ಕೂತು ಗಣೇಶನ ಹಬ್ಬದ ಬೋರ್ಡು, ವಾರ್ಷಿಕೋತ್ಸವದ ಬ್ಯಾನರ್ ಬರೆಯುತ್ತಿದ್ದೆ.

2024ರ ಸೆಪ್ಟೆಂಬರಿನಲ್ಲಿ ನಾನು ಮತ್ತು ನನ್ನಾಕೆ ಮಗಳ ಮನೆಗೆ ಹೋದೆವು. ಮನೆ ಇರುವುದು ಎಕ್ಸ್‌ಟನ್‌ನಲ್ಲಿ. ಅಲ್ಲಿಂದ ಫಿಲಡೆಲ್ಫಿಯಾಕ್ಕೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಆ ಊರಿನಲ್ಲಿ ಸಾವಿರಗಟ್ಟಲೆ ಗೋಡೆಗಳ ಮೇಲೆ ಚಿತ್ರ ಇದೆ ಅಂತ ಅಳಿಯ ಹೇಳಿದ. ನನಗೆ ಅಷ್ಟೇ ಸಾಕಾಯಿತು. ನವರಾತ್ರಿ ನಡೆಯುತ್ತಿತ್ತು. ಮಗಳು ಅಷ್ಟಿಷ್ಟು ರಜೆ ಹೊಂದಿಸಿಕೊಂಡಳು.

ಬುಧವಾರ

ರೈಲು ಇಳಿದು ಮೇಲೆ ಬಂದರೆ ಎದುರಿಗೇ ಸಿಟಿ ಹಾಲ್. ನಮ್ಮ ಕಡೆಯ ಮುನಿಸಿಪಾಲಿಟಿ ಆಫೀಸು ಅಂತ ಹೇಳಬಹುದು, ಆದರೆ 548 ಅಡಿ ಎತ್ತರ. ನೆತ್ತಿಯ ಮೇಲೆ ವಿಲಿಯಂ ಪೆನ್ ನಿಂತಿದ್ದಾನೆ, ಈ ಊರನ್ನು ಕಟ್ಟಿದವನು. ಕಂಚಿನ ಪ್ರತಿಮೆ, 37 ಅಡಿ. ಕೆಳಗಿನಿಂದ ನೋಡಿದರೆ ಹೆಬ್ಬೆರಳಿನಷ್ಟು. ಆತನ ಟೋಪಿಗಿಂತ ಎತ್ತರಕ್ಕೆ ಊರಲ್ಲಿ ಯಾರೂ ಕಟ್ಟಡ ಕಟ್ಟಬಾರದು ಅಂತ ಬಾಯಿಮಾತಿನ ಒಪ್ಪಂದ ಇತ್ತಂತೆ. ಕಾಗದ ಇಲ್ಲ, ಕಾನೂನು ಇಲ್ಲ. 1987ರವರೆಗೂ ನಡೆಯಿತು. ಆಮೇಲೆ ಯಾರೋ ಮುರಿದರು, ಈಗ ಸುತ್ತಲೂ ಗಾಜಿನ ಕಟ್ಟಡಗಳು.

ಪೆನ್ನನ್ನು ಮಾಡಿದವರು ಅಲೆಕ್ಸಾಂಡರ್ ಮಿಲ್ನ್ ಕಾಲ್ಡರ್. ಅವರೊಬ್ಬರೇ ಈ ಕಟ್ಟಡಕ್ಕೆ 250ಕ್ಕೂ ಹೆಚ್ಚು ಶಿಲ್ಪ ಮಾಡಿದ್ದಾರೆ. ಕಂಬದ ತಲೆ, ಬಾಗಿಲ ಮೇಲು, ಎಲ್ಲಿ ನೋಡಿದರೂ ಒಂದು ಮುಖ, ಒಂದು ಪ್ರಾಣಿ. ನಾನು ಕತ್ತೆತ್ತಿ ನೋಡುತ್ತಾ ನಿಂತೆ. ನಮ್ಮ ಹಳೇಬೀಡಿನ ಮುಂದೆ ಇದೇನೂ ಅಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಆದರೆ ಇದು ದೇವಸ್ಥಾನವಲ್ಲ, ಆಫೀಸು. ಖಾತೆ ಬದಲಾಯಿಸಲು ಹೋದವನಿಗೂ ನೋಡಲು ಏನಾದರೂ ಇರಲಿ ಅಂತ ಯೋಚಿಸಿದ್ದಾರಲ್ಲ, ಅದು ದೊಡ್ಡದು.

ರಸ್ತೆ ದಾಟಿದರೆ ನನ್ನಾಕೆ ತಟ್ಟನೆ ನಿಂತಳು. "ಇದೇನ್ರೀ, ಬಟ್ಟೆ ಒಣಹಾಕೋ ಕ್ಲಿಪ್ಪು!"

ನಿಜವಾಗಿ ಅದೇ. 45 ಅಡಿ ಎತ್ತರದ ಉಕ್ಕಿನ ಬಟ್ಟೆ ಕ್ಲಿಪ್ಪು. 1976ರಲ್ಲಿ ಕ್ಲಾಸ್ ಓಲ್ಡನ್‌ಬರ್ಗ್ ಮಾಡಿದ್ದು. ಇದು ಇಲ್ಲಿ ನಿಂತಿರುವುದರ ಹಿಂದೆ ಒಂದು ನಿಯಮ ಇದೆ. ಊರಿನ ಪುನರ್‌ನಿರ್ಮಾಣದ ಜಮೀನಿನಲ್ಲಿ ಕಟ್ಟಡ ಕಟ್ಟುವವರು ಖರ್ಚಿನ ಶೇಕಡಾ 1ರಷ್ಟನ್ನಾದರೂ ಕಲೆಗೆ ಇಡಬೇಕು. 1959ರಲ್ಲಿ ಶುರುವಾದದ್ದು. ಅಮೆರಿಕದಲ್ಲೇ ಇಂಥ ನಿಯಮ ತಂದ ಮೊದಲ ಊರು ಇದು. ನೂರು ರೂಪಾಯಿಯ ಕಟ್ಟಡಕ್ಕೆ ಒಂದು ರೂಪಾಯಿಯ ಕಲೆ. ನಮ್ಮ ಶಾಲೆಗೆ ಹೊಸ ಕೊಠಡಿ ಕಟ್ಟಿದಾಗ ಉಳಿದ ಡಿಸ್ಟೆಂಪರ್ ಡಬ್ಬ ನನಗೆ ಕೊಟ್ಟು, "ಮೇಷ್ಟ್ರೇ, ಇದರಲ್ಲೇ ಏನಾದ್ರೂ ಬರೀರಿ" ಅಂದಿದ್ದರು. ಲೆಕ್ಕ ಹಾಕಿದರೆ ಅದೂ ಶೇಕಡಾ 1 ಇರಬಹುದೇನೋ.

ಆ ಡಬ್ಬದಲ್ಲೇ ನಾನು ಶಾಲೆಯ ಗೋಡೆಗೆ ಕರ್ನಾಟಕದ ನಕ್ಷೆ ಬರೆದೆ. ಹನ್ನೆರಡು ಅಡಿ ಎತ್ತರದ್ದು. ಆ ವಿಷಯ ಆಮೇಲೆ ಹೇಳುತ್ತೇನೆ.

ಪಕ್ಕದ ಪಾರ್ಕಿನಲ್ಲಿ ರಾಬರ್ಟ್ ಇಂಡಿಯಾನಾ ಮಾಡಿದ 'ಲವ್' ಅಕ್ಷರಗಳ ಪ್ರತಿಮೆ. ಅದರ ಮುಂದೆ ಜೋಡಿಗಳ ಕ್ಯೂ. ಮಗಳು ನಮ್ಮಿಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದಳು. ನನ್ನಾಕೆ ಸೆರಗು ಸರಿಮಾಡಿಕೊಂಡು ನನ್ನಿಂದ ಎರಡು ಅಡಿ ದೂರ ನಿಂತಳು. ನಲವತ್ತು ವರ್ಷದಿಂದ ಅವಳು ಫೋಟೋಗೆ ಹಾಗೇ ನಿಲ್ಲುವುದು.

ಮಧ್ಯಾಹ್ನ ಮೆಟ್ರೋ. ಇಲ್ಲಿಯವರು ಅದಕ್ಕೆ 'ಎಲ್' ಅನ್ನುತ್ತಾರೆ. ಊರಿನ ನಡುವೆ ನೆಲದ ಕೆಳಗೆ ಹೋಗಿ, ಪಶ್ಚಿಮದ ಕಡೆ 46ನೇ ಬೀದಿಯ ಹತ್ತಿರ ಮೇಲೆ ಏಳುತ್ತದೆ. ಅಲ್ಲಿಂದ ಮುಂದೆ ರೈಲು ಓಡುವುದು ಮನೆಗಳ ತಾರಸಿಯ ಮಟ್ಟದಲ್ಲಿ. ಕಿಟಕಿಯಾಚೆ ಒಂದೊಂದೇ ಗೋಡೆ ಬರತೊಡಗಿತು. ಗೋಡೆಯ ಮೇಲೆ ದಪ್ಪ ಬಣ್ಣದ ಅಕ್ಷರ. ಪ್ರೇಮಪತ್ರದ ಸಾಲುಗಳು. ಮಗಳು ಕನ್ನಡ ಮಾಡಿ ಹೇಳುತ್ತಾ ಬಂದಳು. "ಐವತ್ತೆರಡನೇ ಬೀದಿಯಲ್ಲಿ ಸಿಗು, ಐವತ್ತು ಸೆಕೆಂಡಾದ್ರೂ ಸಾಕು."

2009ರಲ್ಲಿ ಸ್ಟೀವ್ ಪವರ್ಸ್ ಎಂಬ ಕಲಾವಿದ ತನ್ನ ತಂಡ ಕಟ್ಟಿಕೊಂಡು ಬರೆದದ್ದು. ಒಟ್ಟು 50 ಗೋಡೆ. ಈತ ಇದೇ ಪಶ್ಚಿಮ ಫಿಲಡೆಲ್ಫಿಯಾದ ಹುಡುಗ, ಮೊದಲು ಗೋಡೆ ಗೀಚುತ್ತಿದ್ದವನು. ನನಗೆ ಹಿಡಿಸಿದ್ದು ಸಾಲುಗಳಿಗಿಂತ ಅಕ್ಷರ. ಅದು ಬೋರ್ಡು ಬರೆಯುವವರ ಕೈ. ಹಳೇ ಅಂಗಡಿ ಬೋರ್ಡಿನ ದುಂಡನೆಯ ಅಕ್ಷರ, ಪಕ್ಕದಲ್ಲಿ ನೆರಳು ಕೊಟ್ಟದ್ದು. ನಮ್ಮ ಕಡೆ ಸಿನಿಮಾ ಬ್ಯಾನರ್, ಲಾರಿಯ ಹಿಂದಿನ ಬರಹ, ಕಿರಾಣಿ ಅಂಗಡಿ ಬೋರ್ಡು ಬರೆಯುತ್ತಿದ್ದ ಎಷ್ಟು ಜನ ನನಗೆ ಪರಿಚಯ! ಫ್ಲೆಕ್ಸ್ ಬಂದು ಎಲ್ಲರನ್ನೂ ಮನೆಗೆ ಕಳಿಸಿತು. 2009ರಲ್ಲೇ ಬೆಂಗಳೂರಿನಲ್ಲಿ ಪಾಲಿಕೆಯವರು ಇಂಥ ಬ್ಯಾನರ್ ಕಲಾವಿದರನ್ನು ಕರೆಸಿ ರಸ್ತೆ ಬದಿಯ ಗೋಡೆಗಳಿಗೆ ಬಣ್ಣ ಹಚ್ಚಿಸಿದ್ದು ನೆನಪಿರಬಹುದು. ಯಕ್ಷಗಾನದ ವೇಷ, ಜೋಗದ ಜಲಪಾತ, ಹುಲಿ, ಹಂಪಿಯ ರಥ. ಆಗ ಇಂಗ್ಲಿಷ್ ಬಲ್ಲವರು ಕೆಲವರು ಅದನ್ನು ನೋಡಿ ಮೂಗು ಮುರಿದಿದ್ದರು. ನಾನಂತೂ ಬಸ್ಸಿನ ಕಿಟಕಿಯಿಂದ ಆ ಕೈ ಯಾರದು ಅಂತ ಹುಡುಕುತ್ತಿದ್ದೆ.

63ನೇ ಬೀದಿಯಲ್ಲಿ ಇಳಿದು ಅದೇ ರೈಲಿನಲ್ಲಿ ವಾಪಸ್. ಕೆಲವು ಗೋಡೆಗಳ ಬಣ್ಣ ಮಾಸಿದೆ. ನಮ್ಮ ಎದುರು ಕೂತ ಹುಡುಗ ಒಮ್ಮೆಯೂ ಮೊಬೈಲಿನಿಂದ ತಲೆ ಎತ್ತಲಿಲ್ಲ. ದಿನಾ ನೋಡುವವನಲ್ವಾ.

ಗುರುವಾರ

ಮಗಳಿಗೆ ಆಫೀಸು. ಅಳಿಯ ಬೆಳಿಗ್ಗೆ ಸಿಟಿ ಹಾಲ್ ಹತ್ತಿರ ಬಿಟ್ಟು, "ಮಾವ, ಫೋನ್ ಚಾರ್ಜ್ ಇದೆ ತಾನೇ?" ಅಂತ ಮೂರು ಸಲ ಕೇಳಿ ಹೋದ.

ಸಿಟಿ ಹಾಲಿನ ದಕ್ಷಿಣಕ್ಕೆ ಒಂದು ಕಂಚಿನ ಪ್ರತಿಮೆ. ಕೋಟು ಹಾಕಿದ ಮನುಷ್ಯ, ಎರಡೂ ಕೈ ಬಿಚ್ಚಿ ಮುಂದಕ್ಕೆ ಹೆಜ್ಜೆ ಇಟ್ಟಿದ್ದಾನೆ. ಆಕ್ಟೇವಿಯಸ್ ಕ್ಯಾಟೋ. ಕಪ್ಪು ಜನಾಂಗದ ಮಕ್ಕಳ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಕುದುರೆ ಟ್ರಾಮಿನಲ್ಲಿ ತಮ್ಮ ಜನರಿಗೂ ಜಾಗ ಬೇಕು ಅಂತ ಹೋರಾಡಿದವರು. 1871ರ ಚುನಾವಣೆಯ ದಿನ ಗುಂಡಿಟ್ಟು ಕೊಂದರು. ವಯಸ್ಸು 32. ತಾರೀಖು ನೋಡಿದೆ, ಅಕ್ಟೋಬರ್ 10. ನಾವು ಅಲ್ಲಿ ನಿಂತಿದ್ದೂ ಅಕ್ಟೋಬರ್ 10ರಂದೇ. ಸುಮ್ನೆ ಹಾಗೇ ಕೂಡಿಬಂದದ್ದು. ಆದರೂ ಮೈ ಜುಮ್ಮೆಂದಿತು. ಪ್ರತಿಮೆ ಬಂದದ್ದು 2017ರಲ್ಲಿ. ಊರಿನ ಸಾರ್ವಜನಿಕ ಜಾಗದಲ್ಲಿ ಒಬ್ಬ ಕಪ್ಪು ವ್ಯಕ್ತಿಯ ಹೆಸರಿನಲ್ಲಿ ನಿಂತ ಮೊದಲ ಪ್ರತಿಮೆ. ಅಲ್ಲಿಯವರೆಗೆ ಬೇಕಾದಷ್ಟು ಕುದುರೆ ಸವಾರರು ಬಂದು ನಿಂತಾಗಿತ್ತು. ಮೇಷ್ಟ್ರಿಗೆ 146 ವರ್ಷ ಕಾಯಬೇಕಾಯಿತು.

ಬ್ರಾಡ್ ಸ್ಟ್ರೀಟಿನಲ್ಲಿ ದಕ್ಷಿಣಕ್ಕೆ ನಡೆದೆವು. ಪೈನ್ ಬೀದಿ ಸೇರುವಲ್ಲಿ ದೊಡ್ಡ ಕಂಬಗಳ ಹಳೇ ಕಟ್ಟಡ. ಹ್ಯಾಮಿಲ್ಟನ್ ಹಾಲ್. 1820ರ ದಶಕದಲ್ಲಿ ಕಿವುಡ ಮಕ್ಕಳ ಶಾಲೆಗಾಗಿ ಕಟ್ಟಿದ್ದು, ಆಮೇಲೆ ಕಲಾ ಶಾಲೆಯಾಯಿತು. ಬಾಗಿಲು ಮುಚ್ಚಿತ್ತು. ಬರೀ ಅವತ್ತಲ್ಲ. ಇಲ್ಲಿದ್ದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಅದೇ ವರ್ಷ ಜೂನ್ 7ಕ್ಕೆ ಮುಚ್ಚಿಹೋಯಿತು. ಮುಚ್ಚುತ್ತೇವೆ ಅಂತ ಹೊರಗೆ ತಿಳಿದದ್ದು ಮೇ 31ಕ್ಕೆ. ಒಂದೇ ವಾರ. ಸಾವಿರಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. 1870ರ ದಶಕದಲ್ಲಿ ಬೇರು ಬಿಟ್ಟ ಶಾಲೆ. ಕೈಯಲ್ಲಿ ದುಡ್ಡಿಲ್ಲ ಅಂದರು, ಮುಗೀತು. ಇದೇ ಮೆಟ್ಟಿಲ ಮೇಲೆ ಮಕ್ಕಳು ಕೂತು ಪ್ರತಿಭಟನೆ ಮಾಡಿದ್ದರಂತೆ.

ಮೆಟ್ಟಿಲ ಮೇಲೆ ಒಣಗಿದ ಎಲೆ ಬಿದ್ದಿತ್ತು. ನಾನು ಸ್ವಲ್ಪ ಹೊತ್ತು ಕೂತೆ. ಊರಿನ ಗೋಡೆಯ ತುಂಬ ಚಿತ್ರ, ಕಟ್ಟಡಕ್ಕೆ ಶೇಕಡಾ 1 ಕಲೆ ಅಂತ ನಿನ್ನೆಯೆಲ್ಲ ಹಿಗ್ಗಿದ್ದೆ. ಬರೆಯುವವರನ್ನು ತಯಾರು ಮಾಡುವ ಜಾಗಕ್ಕೇ ಬೀಗ. ಇನ್ನೂ ಒಂದು ಇದೆ, ನಾಳೆ ನೋಡುವುದು. ಪೆನ್ಸಿಲ್ವೇನಿಯಾ ಅಕಾಡೆಮಿ, 1805ರದ್ದು. ಅದೂ ಇನ್ನು ಮುಂದೆ ಡಿಗ್ರಿ ಕೊಡುವುದಿಲ್ಲ ಅಂತ 2024ರ ಜನವರಿಯಲ್ಲೇ ಹೇಳಿಬಿಟ್ಟಿತ್ತು. ನಾನು ರಿಟೈರ್ ಆದ ಮೇಲೆ ನನ್ನ ಜಾಗಕ್ಕೂ ಯಾರೂ ಬಂದಿಲ್ಲ. ಅದು ಬಡ ದೇಶದ ಹಳ್ಳಿಶಾಲೆಯ ಕಥೆ ಅಂತ ಅಂದುಕೊಂಡಿದ್ದೆ.

"ಏಳ್ರಿ, ಬಿಸಿಲು ಹತ್ತುತ್ತೆ," ಅಂದಳು ನನ್ನಾಕೆ. ಆ ಚಳಿಯಲ್ಲಿ ಬಿಸಿಲು! ನನ್ನನ್ನು ಎಬ್ಬಿಸಲು ಅವಳಿಗೆ ಬೇರೆ ಮಾತು ಬರುವುದಿಲ್ಲ.

ಸೌತ್ ಸ್ಟ್ರೀಟಿಗೆ ನಡೆದುಕೊಂಡೇ ಹೋದೆವು. 1020ನೇ ನಂಬರಿನಲ್ಲಿ ಐಸಾಯ ಜೇಗರ್ ಎಂಬ ಕಲಾವಿದರ 'ಮ್ಯಾಜಿಕ್ ಗಾರ್ಡನ್ಸ್'. ಗಾರ್ಡನ್ ಅಂದರೆ ಗಿಡ ಅಂತ ನಾವು ತಿಳಿದಿದ್ದೆವು. ಗಿಡ ಇಲ್ಲ. ಒಡೆದ ಟೈಲ್ಸು, ಕನ್ನಡಿ ಚೂರು, ಬಾಟಲಿ, ಸೈಕಲ್ ಚಕ್ರ, ಮಣ್ಣಿನ ಬೊಂಬೆ. ಇವನ್ನೆಲ್ಲ ಸಿಮೆಂಟಿನಲ್ಲಿ ಕೂರಿಸಿ ಗೋಡೆ, ಗುಹೆ, ಮೆಟ್ಟಿಲು, ಓಣಿ ಮಾಡಿದ್ದಾರೆ. ಒಂದು ಅಂಗುಲ ಖಾಲಿ ಇಲ್ಲ. ನನ್ನಾಕೆ ಸುತ್ತಲೂ ನೋಡಿ ಹೇಳಿದಳು, "ನಮ್ಮ ಗುಜರಿಯವನನ್ನ ಕರ್ಕೊಂಡು ಬಂದ್ರೆ ಅತ್ತೇಬಿಡ್ತಾನೆ."

ಆದರೆ ಅಲ್ಲಿಂದ ಹೊರಡಲು ಅವಳೇ ಒಪ್ಪಲಿಲ್ಲ. ಬಳೆಚೂರು ಆರಿಸಿಕೊಂಡು ಆಡಿದ ಹುಡುಗಿಯರಿಗೆ ಇದು ಅರ್ಥವಾಗುತ್ತದೆ. ಚಿಕ್ಕಂದಿನಲ್ಲಿ ಜಾತ್ರೆ ಮುಗಿದ ಮೇಲೆ ಬಳೆಗಾರರು ಕೂತಿದ್ದ ಜಾಗಕ್ಕೆ ಓಡಿ ಚೂರು ಆರಿಸುತ್ತಿದ್ದಳಂತೆ. ಇಷ್ಟು ವರ್ಷದಲ್ಲಿ ಆ ಮಾತು ನನಗೆ ಹೇಳಿದ್ದು ಅವತ್ತೇ. ಒಂದು ಮೂಲೆಯಲ್ಲಿ ಹಸಿರು ಗಾಜು ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಯಾರೂ ಬೇಡ ಅನ್ನಲಿಲ್ಲ.

ಜೇಗರ್ ಇದನ್ನು 1990ರ ದಶಕದಲ್ಲಿ ಶುರುಮಾಡಿದ್ದು ಪಕ್ಕದ ಖಾಲಿ ಸೈಟಿನಲ್ಲಿ. ಸೈಟು ಅವರದ್ದಲ್ಲ. ಕಸ ತುಂಬಿತ್ತು, ಇವರು ಬೇಲಿ ಹಾಕಿ ಕೆಲಸ ಹಿಡಿದರು. 2002ರಲ್ಲಿ ಸೈಟಿನ ಯಜಮಾನರು ಮಾರುತ್ತೇನೆ ಅಂದರು. ಹೋಯಿತು ಅನ್ನುವಷ್ಟರಲ್ಲಿ ಊರಿನ ಜನ ದುಡ್ಡು ಕೂಡಿಸಿ ಉಳಿಸಿಕೊಂಡರು. ಈಗ ಟ್ರಸ್ಟಿನಂಥ ಸಂಸ್ಥೆ ನೋಡಿಕೊಳ್ಳುತ್ತದೆ. ಸುತ್ತಲ ಬೀದಿಗಳಲ್ಲೂ ಇವರ ಕೈಯ ಕನ್ನಡಿ ಗೋಡೆಗಳು ಇವೆ. ಸಂಜೆ ನಡೆದು ಬರುವಾಗ ಒಂದು ಗೋಡೆಯಲ್ಲಿ ನಮ್ಮಿಬ್ಬರ ಮುಖ ಇಪ್ಪತ್ತು ಚೂರಾಗಿ ಕಂಡಿತು.

ಶುಕ್ರವಾರ

ಆಯುಧ ಪೂಜೆ. ಮಗಳ ಮನೆಯಲ್ಲಿ ಕಾರು, ಲ್ಯಾಪ್‌ಟಾಪು, ಮಿಕ್ಸಿಗೆ ಕುಂಕುಮ ಹಚ್ಚಿ ಪೂಜೆ ಆಯಿತು. ನನ್ನ ಬ್ರಷ್ಷಿನ ಚೀಲವನ್ನೂ ಇಟ್ಟೆ. ಒಂಬತ್ತು ವರ್ಷದ ಮೊಮ್ಮಗಳು ತನ್ನ ಸ್ಕೆಚ್ ಪೆನ್ನು ತಂದು ಪಕ್ಕದಲ್ಲಿಟ್ಟಳು. ಮಧ್ಯಾಹ್ನದ ಊಟ ಜಾಸ್ತಿಯಾಗಿ ಹೊರಟಿದ್ದೇ ತಡ.

ಅಕಾಡೆಮಿಯ ಮುಂದೆ ಕಾರಿನಿಂದ ಇಳಿದೆವು. ಅದೇ 1805ರ ಸಂಸ್ಥೆ, ಈಗಿನ ಕಟ್ಟಡ 1876ರದ್ದು. ಒಳಗೆ ರಿಪೇರಿ ನಡೆಯುತ್ತಿತ್ತು, ಹೋಗಲಾಗಲಿಲ್ಲ. ಆದರೆ ಪಕ್ಕದ ಓಣಿಯಲ್ಲಿ ಕಂಡದ್ದಕ್ಕೆ ಆ ಬೇಸರ ಹಾರಿಹೋಯಿತು. ಒಂದು ಬ್ರಷ್ಷು. 51 ಅಡಿ. ಆಕಾಶಕ್ಕೆ ಓರೆಯಾಗಿ ಎತ್ತಿ ಹಿಡಿದಂತೆ ನಿಂತಿದೆ. ತುದಿಯಲ್ಲಿ ಕಿತ್ತಳೆ ಬಣ್ಣ. ಅದರಿಂದ ಒಂದು ತೊಟ್ಟು ಕೆಳಗೆ ಬಿದ್ದು ಕಲ್ಲುಹಾಸಿನ ಮೇಲೆ ಮುದ್ದೆಯಾಗಿ ಕೂತಿದೆ. ಬಟ್ಟೆ ಕ್ಲಿಪ್ಪು ಮಾಡಿದ ಓಲ್ಡನ್‌ಬರ್ಗರದ್ದೇ, 2011ರಲ್ಲಿ.

ಆಯುಧ ಪೂಜೆಯ ದಿನ ಇದು ಕಣ್ಣಿಗೆ ಬೀಳಬೇಕೇ! ನನಗೆ ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ. ನನ್ನಾಕೆ ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದು ಆ ಬಣ್ಣದ ಮುದ್ದೆಯ ಕಡೆ ಹೊರಟಳು. "ಅಮ್ಮಾ, ಪೊಲೀಸರು ಬಂದಾರು!" ಅಂತ ಮಗಳು ಓಡಿ ಹಿಡಿದಳು. ಅಷ್ಟರಲ್ಲಿ ಎಳ್ಳುಕಾಳಿನಷ್ಟು ಹಚ್ಚಿ ಆಗಿತ್ತು. ಸೆರಗಿನಿಂದ ಒರೆಸಿಸಿದಳು.

ಈ ಅಕಾಡೆಮಿಯಲ್ಲಿ ಪಾಠ ಹೇಳುತ್ತಿದ್ದ ಥಾಮಸ್ ಈಕಿನ್ಸ್ ಅವರ ಕಥೆ ಹೇಳಬೇಕು. ಅಮೆರಿಕದ ದೊಡ್ಡ ಚಿತ್ರಕಾರರಲ್ಲಿ ಒಬ್ಬರು. ಮನುಷ್ಯನ ಮೈ ಹೇಗಿದೆಯೋ ಹಾಗೆ ನೋಡಿ ಬರೆಯದಿದ್ದರೆ ಚಿತ್ರ ಬರುವುದಿಲ್ಲ ಎಂದು ನಂಬಿದ ಮೇಷ್ಟ್ರು. 1886ರಲ್ಲಿ ಹೆಣ್ಣುಮಕ್ಕಳಿದ್ದ ಕ್ಲಾಸಿನಲ್ಲಿ ಗಂಡು ಮಾಡೆಲ್ಲಿನ ಲಂಗೋಟಿ ತೆಗೆಸಿದರು. ಗಲಾಟೆಯಾಯಿತು. ಕೆಲಸ ಬಿಡಿಸಿ ಕಳಿಸಿದರು. ನೂರಿಪ್ಪತ್ತು ವರ್ಷ ಕಳೆದ ಮೇಲೆ, 2006ರಲ್ಲಿ, ಅವರ 1875ರ ಒಂದು ಚಿತ್ರವನ್ನು, ಅದನ್ನು ಇಟ್ಟುಕೊಂಡಿದ್ದ ಮೆಡಿಕಲ್ ಕಾಲೇಜಿನವರು ಊರ ಹೊರಗಿನವರಿಗೆ 6 ಕೋಟಿ 80 ಲಕ್ಷ ಡಾಲರಿಗೆ ಮಾರಲು ಹೊರಟರು. ಡಾಕ್ಟರೊಬ್ಬರು ಮಕ್ಕಳಿಗೆ ಪಾಠ ಮಾಡುತ್ತಾ ಶಸ್ತ್ರಚಿಕಿತ್ಸೆ ಮಾಡುವ ಚಿತ್ರ ಅದು. ಊರು ಬಿಡಲಿಲ್ಲ. ಅಷ್ಟೂ ಹಣ ಹೊಂದಿಸಿ ಇಲ್ಲೇ ಉಳಿಸಿಕೊಂಡಿತು. ಈಗ ಅದು ಊರಿನ ಮ್ಯೂಸಿಯಂ ಮತ್ತು ಅದೇ ಅಕಾಡೆಮಿ ಇಬ್ಬರಿಗೂ ಸೇರಿದ್ದು. ಓಡಿಸಿದ ಮೇಷ್ಟ್ರ ಚಿತ್ರಕ್ಕೆ ದುಡ್ಡು ಎತ್ತಿದ ಶಾಲೆ! ಈಕಿನ್ಸ್ ಇದ್ದಿದ್ದರೆ ಏನನ್ನುತ್ತಿದ್ದರೋ.

ಸಂಜೆ ಮ್ಯೂಸಿಯಂ. ಶುಕ್ರವಾರ ಸಂಜೆ ನಮ್ಮ ಕೈಲಾದಷ್ಟು ಕೊಟ್ಟು ಒಳಗೆ ಹೋಗಬಹುದು. ದಾರಿಯಲ್ಲಿ ಲೋಗನ್ ಸರ್ಕಲ್ಲಿನ ಕಾರಂಜಿ. ಮೂರು ನದಿಗಳನ್ನು ಮೂರು ಮೂಲನಿವಾಸಿ ಮನುಷ್ಯರ ರೂಪದಲ್ಲಿ ಮಲಗಿಸಿದ್ದಾರೆ. 1924ರದ್ದು. ಮಾಡಿದವರು ಸಿಟಿ ಹಾಲಿನ ಕಾಲ್ಡರ್ ಮಗ. ಇನ್ನು ಮ್ಯೂಸಿಯಂ ಮೆಟ್ಟಿಲು ಹತ್ತಿ ಒಳಗೆ ಹೋದರೆ ದೊಡ್ಡ ಹಾಲಿನ ಮೇಲೆ ತೂಗಾಡುತ್ತಿರುವ ಬಿಳಿ ತಗಡಿನ ಎಲೆಗಳು, ಮೊಮ್ಮಗ ಕಾಲ್ಡರ್ ಮಾಡಿದ್ದು. ಹೆಸರು 'ಭೂತ'. ಅಜ್ಜ, ಅಪ್ಪ, ಮೊಮ್ಮಗ, ಮೂವರ ಕೆಲಸ ಒಂದೇ ರಸ್ತೆಯ ಸಾಲಿನಲ್ಲಿ. ನನ್ನ ಅಪ್ಪ ಬಡಗಿ, ನಾನು ಡ್ರಾಯಿಂಗ್ ಮೇಷ್ಟ್ರು, ಮಗಳು ಸಾಫ್ಟ್‌ವೇರು. ಮೊಮ್ಮಗಳು 'ಭೂತ'ದ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತಿದ್ದಳು. ನೋಡೋಣ.

ಒಳಗಿದ್ದ ಉಳಿದದ್ದರ ಬಗ್ಗೆ ಬರೆಯುವುದಿಲ್ಲ. ಕಾಲು ಸೋತಿತ್ತು. ಮೆಟ್ಟಿಲ ಕೆಳಗೆ ಒಂದು ಬಾಕ್ಸಿಂಗ್ ಸಿನಿಮಾಕ್ಕೆಂದು ಮಾಡಿಸಿದ ಪ್ರತಿಮೆ ಇತ್ತು, ಅದರ ಮುಂದೆ ಒಳಗಿಗಿಂತ ದೊಡ್ಡ ಕ್ಯೂ. ನಾವೂ ನಿಂತೆವು. ಸುಳ್ಳು ಯಾಕೆ ಹೇಳಲಿ.

ಶನಿವಾರ

ವಿಜಯದಶಮಿ. ಊರಿನಲ್ಲಾದರೆ ಬನ್ನಿ ಕೊಡುತ್ತಾ ಮನೆಮನೆ ತಿರುಗುವ ದಿನ. ನಾವು ಐವರೂ ಕಾರಿನಲ್ಲಿ ಉತ್ತರ ಫಿಲಡೆಲ್ಫಿಯಾಕ್ಕೆ ಹೊರಟೆವು.

ಮೊದಲು ಬ್ರಾಡ್ ಸ್ಟ್ರೀಟ್ ಮತ್ತು ಸ್ಪ್ರಿಂಗ್ ಗಾರ್ಡನ್ ಸೇರುವಲ್ಲಿ ನಿಂತೆವು. ಅಲ್ಲಿ ಎಂಟು ಮಹಡಿ ಎತ್ತರದ ಗೋಡೆಯ ತುಂಬ ಚಿತ್ರ, 1998ರಲ್ಲಿ ಮೆಗ್ ಸ್ಯಾಲಿಗ್‌ಮನ್ ಬರೆದದ್ದು. ಹಳೇ ಕಾಲದ ಪಿಂಗಾಣಿ ಬೊಂಬೆಗಳು, ಅವುಗಳ ಜೊತೆಗೆ ಅದೇ ಭಂಗಿಯಲ್ಲಿ ಈಗಿನ ಹುಡುಗ ಹುಡುಗಿಯರು. ಬೊಂಬೆಗಳು ಕಲಾವಿದೆಯ ಅಜ್ಜಿಯ ಮನೆಯವು. ಮಕ್ಕಳು ಅಲ್ಲೇ ಹತ್ತಿರದ ಹೈಸ್ಕೂಲುಗಳವರು. ಜಡೆ ಹೆಣೆದ ಹುಡುಗಿಯೊಬ್ಬಳು ನಡುವೆ ದೊಡ್ಡದಾಗಿ ನಿಂತಿದ್ದಾಳೆ, ಬೊಂಬೆ ರಾಣಿಯರಿಗಿಂತ ಗತ್ತು. ನವರಾತ್ರಿ ಬೊಂಬೆ ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲು, ಮಳೆ ಕುಡಿದು ಬಣ್ಣ ತಿಳಿಯಾಗಿದೆ. ಕತ್ತು ನೋಯುವವರೆಗೂ ನೋಡಿದೆ.

ಈ ಗೋಡೆಗಳ ಹಿಂದಿನ ಸಂಸ್ಥೆ ಮ್ಯೂರಲ್ ಆರ್ಟ್ಸ್. ಅದರ ಕಥೆ ಶುರುವಾಗುವುದು ಗೀಚುವವರಿಂದ. 1960ರ ದಶಕದಲ್ಲಿ ಈ ಊರಿನ ಹುಡುಗನೊಬ್ಬ 'ಕಾರ್ನ್‌ಬ್ರೆಡ್' ಅಂತ ತನ್ನ ಅಡ್ಡಹೆಸರನ್ನು ಊರೆಲ್ಲ ಗೀಚಿದ. ಕಾರ್ನ್‌ಬ್ರೆಡ್ ಅಂದರೆ ಮೆಕ್ಕೆಜೋಳದ ರೊಟ್ಟಿ ಥರದ ತಿಂಡಿ. ಈಗಿನ ಗ್ರಾಫಿಟಿ ಆತನಿಂದ ಹುಟ್ಟಿತು ಅನ್ನುವವರಿದ್ದಾರೆ. ತಾನು ಸತ್ತೆ ಅಂತ ಪೇಪರಿನಲ್ಲಿ ತಪ್ಪಾಗಿ ಬಂದದ್ದಕ್ಕೆ ಝೂಗೆ ನುಗ್ಗಿ, 'ಬದುಕಿದ್ದೇನೆ' ಅಂತ ಆನೆಯ ಮೈಮೇಲೆ ಬರೆದೆ ಅಂತ ಆತನೇ ಹೇಳಿಕೊಂಡಿದ್ದಾನೆ. ಗೀಚುವವರು ಹೆಚ್ಚಿದರು. 1984ರಲ್ಲಿ ಮೇಯರ್ ವಿಲ್ಸನ್ ಗುಡ್ ಗ್ರಾಫಿಟಿ ತಡೆಯಲು ಒಂದು ತಂಡ ಕಟ್ಟಿದರು. ಅದಕ್ಕೆ ಜೇನ್ ಗೋಲ್ಡನ್ ಎಂಬ ಚಿತ್ರಕಾರ್ತಿಯನ್ನು ಕರೆದುಕೊಂಡರು. ಆಕೆ ಹುಡುಗರ ಕೈಯಿಂದ ಸ್ಪ್ರೇ ಡಬ್ಬ ಕಿತ್ತುಕೊಂಡು ಸುಮ್ಮನಾಗಲಿಲ್ಲ, ಬ್ರಷ್ಷು ಕೊಟ್ಟರು. ಈ ಕೈಗಳಿಗೆ ಕೆಲಸ ಬೇಕು ಅಷ್ಟೇ ಅಂತ ಅವರಿಗೆ ಹೊಳೆದಿರಬೇಕು. ಹಿಂದಿನ ಬೆಂಚಿನ ಡೆಸ್ಕಿನ ಮೇಲೆ ಕಂಪಾಸಿನಿಂದ ಕೆತ್ತುವ ಹುಡುಗರನ್ನು ನಾನೂ ಕಂಡಿದ್ದೇನೆ. ನಾನು ಕಂಪಾಸು ಕಿತ್ತುಕೊಂಡಿದ್ದೆ. ಅಲ್ಲಿಗೆ ನಿಲ್ಲಿಸಿದ್ದೆ.

ಅಲ್ಲಿಂದ ಇಲ್ಲಿಯವರೆಗೆ 4,000ಕ್ಕೂ ಹೆಚ್ಚು ಚಿತ್ರ ಮಾಡಿದ್ದಾರೆ. ಸಂಸ್ಥೆಯ ಆಫೀಸು ಇರುವುದು ಮೌಂಟ್ ವರ್ನನ್ ಬೀದಿಯ ಒಂದು ಹಳೇ ಇಟ್ಟಿಗೆ ಮನೆಯಲ್ಲಿ. ಯಾರ ಮನೆ ಅಂತೀರಿ? ಥಾಮಸ್ ಈಕಿನ್ಸ್ ಅವರದ್ದು. ಓಡಿಸಿಕೊಂಡ ಮೇಷ್ಟ್ರು ಬದುಕಿದ ಮನೆ. ಆ ಬಾಗಿಲ ಮುಂದೆ ಮೊಮ್ಮಗಳಿಂದ ನನ್ನ ಫೋಟೋ ತೆಗೆಸಿಕೊಂಡೆ. ನಾಲ್ಕು ದಿನದಲ್ಲಿ ನಾನಾಗಿ ಕೇಳಿ ತೆಗೆಸಿಕೊಂಡ ಫೋಟೋ ಅದೊಂದೇ.

ಅಕ್ಟೋಬರ್ ಅಂದರೆ ಇಲ್ಲಿ ಗೋಡೆ ಚಿತ್ರಗಳ ತಿಂಗಳು. ಮಗಳು ಮೊದಲೇ ಹುಡುಕಿಟ್ಟಿದ್ದಳು, ಒಂದು ಬಡಾವಣೆಯ ಸಮುದಾಯ ಭವನದಂಥ ಜಾಗದಲ್ಲಿ ಅವತ್ತು 'ಪೇಂಟ್ ಡೇ'. ಯಾರು ಬೇಕಾದರೂ ಹೋಗಿ ಬಣ್ಣ ಹಚ್ಚಬಹುದು.

ಗೋಡೆಗೆ ಹಚ್ಚುವುದು ಅಂತ ನಾನು ಹಳೇ ಅಂಗಿ ಹಾಕಿಕೊಂಡು ಹೋಗಿದ್ದೆ. ಅಲ್ಲಿ ಗೋಡೆಯೇ ಇಲ್ಲ! ಉದ್ದದ ಮೇಜುಗಳ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಹಾಸಿದ್ದಾರೆ. ಪ್ಯಾರಾಚೂಟ್ ಬಟ್ಟೆ ಅನ್ನುತ್ತಾರೆ. ಐದಡಿಗೆ ಐದಡಿ ಚೌಕ. ಕಲಾವಿದರು ಪೂರ್ತಿ ಚಿತ್ರವನ್ನು ಮೊದಲೇ ಬರೆದು, ಚೌಕ ಚೌಕವಾಗಿ ಭಾಗ ಮಾಡಿ, ಬಟ್ಟೆಯ ಮೇಲೆ ಗೆರೆ ಇಳಿಸಿರುತ್ತಾರೆ. ಗೆರೆಯ ಒಳಗೆ ನಂಬರು. ಬಣ್ಣದ ಲೋಟಗಳ ಮೇಲೂ ನಂಬರು. 14ರ ಜಾಗಕ್ಕೆ 14ರ ಬಣ್ಣ. ಎಲ್ಲ ಮುಗಿದ ಮೇಲೆ ಅಂಟಿನಿಂದ ಗೋಡೆಗೆ ಮೆತ್ತುವುದು. ಮೆತ್ತಿದ ಮೇಲೆ ಬಟ್ಟೆ ಅಂತ ಗೊತ್ತೇ ಆಗುವುದಿಲ್ಲವಂತೆ. ಹೀಗಿರುವುದರಿಂದ ಏಣಿ ಹತ್ತಲಾಗದ ಅಜ್ಜಿಯೂ ಗೋಡೆ ಚಿತ್ರ ಮಾಡಬಹುದು, ಪುಟ್ಟ ಮಗುವೂ ಮಾಡಬಹುದು. ಗ್ರೇಟರ್‌ಫೋರ್ಡ್ ಜೈಲಿನ ಒಳಗಿದ್ದವರೂ ಮಾಡಿದ್ದಾರೆ. ಅವರು ಹೊರಗೆ ಬರುವ ಹಾಗಿರಲಿಲ್ಲ. ಬಟ್ಟೆ ಒಳಗೆ ಹೋಗಿ, ಬಣ್ಣವಾಗಿ, ಹೊರಗೆ ಬಂದು ಅವರದೇ ಊರಿನ ಗೋಡೆ ಹತ್ತಿತು.

ನನಗೆ ನಿಜ ಹೇಳಬೇಕೆಂದರೆ ಮೊದಲು ನಗು ಬಂತು. 31 ವರ್ಷ ನಾನು ಮಕ್ಕಳಿಗೆ ಹೇಳಿದ್ದು, "ಅಚ್ಚು ಹಾಕಿದ ಪುಸ್ತಕಕ್ಕೆ ಬಣ್ಣ ತುಂಬೋದು ಡ್ರಾಯಿಂಗ್ ಅಲ್ಲ ಕಣ್ರೋ" ಅಂತ. ಇಲ್ಲಿ ನಂಬರು ನೋಡಿ ತುಂಬಬೇಕು!

ನಮ್ಮ ಮೇಜಿಗೆ ಒಬ್ಬ ಅಜ್ಜಿ ಯಜಮಾನಿ. ಕಪ್ಪು ಜನಾಂಗದವರು, ಎಪ್ಪತ್ತರ ಮೇಲಿರಬಹುದು. ಆ ಬೀದಿಗೆ 'ಬ್ಲಾಕ್ ಕ್ಯಾಪ್ಟನ್'. ಬೀದಿಯ ಕಸ, ದೀಪ, ಜಗಳ ಎಲ್ಲ ಅವರ ಉಸ್ತುವಾರಿ. ನನಗೆ ಒಂದು ಎಲೆಯ ಭಾಗ ಬಂತು. 14 ಅಂದರೆ ಹಸಿರು. ಹಚ್ಚತೊಡಗಿದೆ. ಕೈ ಸುಮ್ಮನಿರಬೇಕಲ್ಲ? ಅಂಚಿನಲ್ಲಿ ಸ್ವಲ್ಪ 9ರ ಗಾಢ ಹಸಿರು ಸೇರಿಸಿ ಶೇಡಿಂಗ್ ಕೊಟ್ಟೆ. ನರ ಎಳೆದೆ. ಎಲೆ ಎದ್ದು ಬಂದ ಹಾಗಾಯಿತು. ಪಕ್ಕದ ಹುಡುಗ ಕೆಲಸ ನಿಲ್ಲಿಸಿ ನೋಡಿದ. ನಾನು ಉಬ್ಬಿದೆ.

ಅಜ್ಜಿ ಬಂದು ಕನ್ನಡಕದ ಮೇಲಿನಿಂದ ನೋಡಿದರು. ಏನೋ ಹೇಳಿದರು. ಮೊಮ್ಮಗಳು ಮೆಲ್ಲಗೆ ಕನ್ನಡದಲ್ಲಿ ಹೇಳಿದಳು, "ಅಜ್ಜಾ, ತುಂಬಾ ಚೆನ್ನಾಗಿದೆಯಂತೆ. ಆದ್ರೆ ಹದಿನಾಲ್ಕು ಅಂದ್ರೆ ಹದಿನಾಲ್ಕೇ ಅಂತೆ."

ಮೇಜೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆಮೇಲೆ ಅಜ್ಜಿ ನನ್ನ ಪಕ್ಕದಲ್ಲೇ ಕೂತು ಹಚ್ಚಿದರು. ಮಗಳ ಮೂಲಕ ಮಾತಾಡಿದೆವು. ಅವರ ಬೀದಿಯ ಕೊನೆಯಲ್ಲಿ ಹಿಂದೊಮ್ಮೆ ಮಾಡಿದ ಚಿತ್ರ ಇದೆಯಂತೆ. ಅದರ ಮೇಲೆ ಯಾರೂ ಗೀಚುವುದಿಲ್ಲವೇ ಅಂತ ಕೇಳಿದೆ. "ನನ್ನ ಮೊಮ್ಮಗ ಅದರಲ್ಲಿ ಮೂರು ಚೌಕ ಹಚ್ಚಿದಾನೆ, ಪಕ್ಕದ ಮನೆಯವಳು ಎರಡು. ಗೀಚಲಿ ನೋಡೋಣ!" ಅಂದರು. ಬ್ರಷ್ಷನ್ನು ಬೆತ್ತದ ಹಾಗೆ ಎತ್ತಿ ತೋರಿಸಿದರು.

ನಾನು ಸುಮ್ಮನೆ 14 ಹಚ್ಚುತ್ತಾ ಕೂತೆ. ಶಾಲೆಯ ಗೋಡೆಯ ನಕ್ಷೆ ನೆನಪಾಯಿತು. ಆ ಬೇಸಿಗೆ ರಜೆಯಲ್ಲಿ 40 ದಿನ ಒಬ್ಬನೇ ಬರೆದೆ. ಒಂದೊಂದು ಜಿಲ್ಲೆಗೂ ಒಂದೊಂದು ಬಣ್ಣ, ಮೈಸೂರಿಗೆ ಅಂಬಾರಿ, ಬೀದರಿಗೆ ಕೋಟೆ, ಕೊಡಗಿಗೆ ಕಾಫಿ ಗಿಡ. ಮಕ್ಕಳು ಬಂದು "ಸಾರ್, ನಾನೂ ಹಚ್ಲಾ?" ಅಂತ ಕಾಡುತ್ತಿದ್ದರು. ಕೆಡಿಸುತ್ತಾರೆ ಅಂತ ಓಡಿಸುತ್ತಿದ್ದೆ. ಮುಗಿದ ಮೇಲೆ ಕೆಳಗೆ ನಾನೇ ಚೆಂದವಾಗಿ ಬರೆದೆ, 'ಮುಟ್ಟಬೇಡಿ'. ಯಾರೂ ಮುಟ್ಟಲಿಲ್ಲ. ನಾನು ರಿಟೈರ್ ಆದ ಮರುವರ್ಷ ಪೆನ್ಷನ್ ಕಾಗದಕ್ಕೆ ಸಹಿ ಹಾಕಿಸಲು ಹೋದಾಗ ಗೋಡೆಗೆ ಹೊಸ ಬಣ್ಣ ಬಳಿದು ರೈಲು ಬೋಗಿ ಬರೆಸಿದ್ದರು. ಈಗ ಎಲ್ಲ ಕಡೆ ಅದೇ ಅಲ್ವಾ, ಶಾಲೆ ಅಂದರೆ ರೈಲು. ಯಾರೂ ನನಗೆ ಒಂದು ಫೋನ್ ಮಾಡಿರಲಿಲ್ಲ. ಒಬ್ಬ ಹಳೇ ವಿದ್ಯಾರ್ಥಿಯೂ "ಸಾರ್, ನಿಮ್ಮ ನಕ್ಷೆ ಹೋಯ್ತು" ಅಂತ ಹೇಳಿರಲಿಲ್ಲ. ಇಷ್ಟು ವರ್ಷ ಆ ಸಿಟ್ಟು ಶಾಲೆಯವರ ಮೇಲಿತ್ತು.

ಸಂಜೆ ನಾಲ್ಕಕ್ಕೆ ನಮ್ಮ ಚೌಕ ಮುಗಿಯಿತು. ಮೊಮ್ಮಗಳು, ನನ್ನಾಕೆ, ಅಳಿಯ ಎಲ್ಲರ ಕೈಗೂ ಬಣ್ಣ. ಚೌಕದ ಹಿಂದೆ ಬರೆದಿದ್ದ ನಂಬರನ್ನು ಮೊಮ್ಮಗಳು ಅಂಗೈಯಲ್ಲಿ ಬರೆದುಕೊಂಡಳು. ಮನೆಗೆ ಹೋಗುವಾಗ ನನ್ನಾಕೆ ಬನ್ನಿ ಇಲ್ಲದ್ದಕ್ಕೆ ದಾರಿಯಲ್ಲಿ ಬಿದ್ದ ಒಂದು ಕೆಂಪು ಎಲೆಯನ್ನೇ ಎಲ್ಲರಿಗೂ ಕೊಟ್ಟು "ಬಂಗಾರದಂಗೆ ಇರೋಣ" ಅಂದಳು.

ನಾವು ನವೆಂಬರಿನಲ್ಲಿ ಊರಿಗೆ ಬಂದೆವು. ಏಪ್ರಿಲಿನಲ್ಲಿ ಮೊಮ್ಮಗಳು ವಾಟ್ಸ್ಯಾಪಿನಲ್ಲಿ ಗೋಡೆಯ ಫೋಟೋ ಕಳಿಸಿದಳು. ನಮ್ಮ ಚೌಕ ಎಡಗಡೆ, ಎರಡನೇ ಮಹಡಿಯ ಕಿಟಕಿಯ ಪಕ್ಕದಲ್ಲಿ ಬಂದಿದೆ. ಕನ್ನಡಕ ಹಾಕಿಕೊಂಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನನ್ನ ಎಲೆ ಹುಡುಕಿದೆ. ಸಿಕ್ಕಿತು. ಶೇಡಿಂಗ್ ಇಲ್ಲ, ನರ ಇಲ್ಲ. ಯಾರೋ ಅದರ ಮೇಲೆ ನೀಟಾಗಿ 14 ಹಚ್ಚಿದ್ದಾರೆ.